ವೇಗಮಿತಿ ಚಲನ್: ರೇಡಾರ್ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಬಗೆ

"ನಾನು ಅಷ್ಟು ವೇಗವಾಗಿ ಹೋಗುತ್ತಿರಲಿಲ್ಲ ಸ್ವಾಮಿ" ಎಂಬ ಮಾತಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೆಚ್ಚು ಬೆಲೆಯಿಲ್ಲ. ಯಂತ್ರದ ಅಂಕಿಯನ್ನು ನಂಬಲು ಬೇಕಾದ ಕಾಗದಪತ್ರಗಳು ಪೊಲೀಸರ ಬಳಿ ಇವೆಯೇ ಎಂಬುದೇ ಅಲ್ಲಿ ನಿಲ್ಲುವ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 183(3)ನೇ ಕಲಮಿನ ಪ್ರಕಾರ, ಒಬ್ಬನೇ ಸಾಕ್ಷಿಯ ಅಭಿಪ್ರಾಯವನ್ನು ನೆಚ್ಚಿ ಅತಿವೇಗಕ್ಕೆ ಶಿಕ್ಷೆ ವಿಧಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಆಧಾರವಿರಬೇಕು.

ತಕರಾರು ಮಾಡುವುದಾದರೆ ದಂಡ ಕಟ್ಟಬೇಡಿ; ಕಟ್ಟಿದರೆ ಪ್ರಕರಣ ರಾಜಿಯಾದಂತೆ. ನಿಜವಾಗಿಯೂ ವೇಗವಾಗಿ ಹೋಗಿದ್ದರೆ, ಸಾವಿರ ರೂಪಾಯಿಗಾಗಿ ಮುದ್ದತ್ತಿನಿಂದ ಮುದ್ದತ್ತಿಗೆ (ವಿಚಾರಣೆಯ ದಿನದಿಂದ ದಿನಕ್ಕೆ) ಅಲೆಯುವುದಕ್ಕಿಂತ ಕಟ್ಟಿಬಿಡುವುದೇ ಲೇಸು.

ಕೇಳಬೇಕಾದ ದಾಖಲೆಗಳನ್ನು ಲಿಖಿತ ಅರ್ಜಿಯಲ್ಲೇ ಕೇಳಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವು, ಇಂಥ ಸಾಧನ ನಿಖರವಾಗಿದೆಯೆಂಬ ಅನುಮೋದನಾ ಪ್ರಮಾಣಪತ್ರವನ್ನು ರಾಜ್ಯದ ನಿಯೋಜಿತ ಪ್ರಾಧಿಕಾರದಿಂದ ಪಡೆದು ವರ್ಷಕ್ಕೊಮ್ಮೆ ನವೀಕರಿಸಬೇಕೆಂದು ಹೇಳುತ್ತದೆ. ನಿಮ್ಮ ಚಲನ್‌ನ ದಿನಾಂಕ ಆ ಅವಧಿಯೊಳಗೆ ಬೀಳುತ್ತದೆಯೇ ನೋಡಿ. 2025ರ ಜುಲೈ 1ರಿಂದ ಅಂಗಡಿಯ ತಕ್ಕಡಿಯಂತೆ ವೇಗ ಅಳೆಯುವ ರೇಡಾರ್‌ಗೂ ಕಾನೂನು ಮಾಪನಶಾಸ್ತ್ರ ನಿಯಮಗಳಡಿ ಸತ್ಯಾಪನೆ (ಅಳತೆ ಸರಿಯಿದೆಯೆಂಬ ಸರ್ಕಾರಿ ಪರೀಕ್ಷೆ) ಮತ್ತು ಮುದ್ರೆ ಆಗಬೇಕಿದೆ. ಕ್ಯಾಮೆರಾ ತೆಗೆದ ನಿಮ್ಮ ವಾಹನದ ಚಿತ್ರ ಮತ್ತು ವೇಗದ ಅಳತೆ ಎಲೆಕ್ಟ್ರಾನಿಕ್ ದಾಖಲೆಗಳಾದ್ದರಿಂದ, ಅವು ಯಾವ ಸಾಧನದಿಂದ ಹೇಗೆ ಬಂದವೆಂದು ದೃಢೀಕರಿಸುವ ಪ್ರಮಾಣಪತ್ರವೂ ಅವುಗಳ ಜೊತೆ ಬರಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಅಡಿ ಕೊಡುತ್ತಿದ್ದುದನ್ನು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡಬೇಕು.

ಇನ್ನು ಚಿತ್ರವನ್ನು ದೊಡ್ಡದು ಮಾಡಿ ನೋಡಿ. ರೇಡಾರ್ ಬಿಟ್ಟ ಕಿರಣ ವಾಹನಕ್ಕೆ ತಗುಲಿ ಮರಳುವುದರಿಂದ ವೇಗ ತಿಳಿಯುತ್ತದೆ, ಆದರೆ ಆ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ: 12 ಡಿಗ್ರಿ ಹರವಿನ ಕಿರಣ 200 ಮೀಟರ್ ದೂರದಲ್ಲಿ ಸುಮಾರು 42 ಮೀಟರ್ ಅಗಲವನ್ನು, ಅಂದರೆ ರಸ್ತೆಯ ಎಲ್ಲ ಪಥಗಳನ್ನೂ ಆವರಿಸುತ್ತದೆ. ಚಿತ್ರದಲ್ಲಿ ನಿಮ್ಮ ಕಾರಿನ ಪಕ್ಕದಲ್ಲೇ ಒಂದು ಬಸ್ಸು ಮುನ್ನುಗ್ಗುತ್ತಿದ್ದರೆ, ದೊಡ್ಡ ಮೈಯಿಂದ ಬಲವಾಗಿ ಮರಳಿದ ತರಂಗ ಯಾರದೆಂದು ಕೇಳಲು ಗಟ್ಟಿಯಾದ ಕಾರಣವಿದೆ. ಸಾಧನ ಲೇಸರ್‌ನದ್ದಾಗಿದ್ದರೆ ಈ ವಾದ ದುರ್ಬಲವಾಗುತ್ತದೆ, ಏಕೆಂದರೆ ಅದರ ಕಿರಣ ತೀರಾ ಕಿರಿದು. ಆದ್ದರಿಂದ ಸಾಧನ ಯಾವುದೆಂದು ಮೊದಲೇ ತಿಳಿದುಕೊಳ್ಳಿ.

ಸಾಧನವನ್ನು ಓರೆಯಾಗಿ ಹಿಡಿದಿದ್ದರೆಂಬ ವಾದ ಜನಪ್ರಿಯವಾದರೂ ಅದನ್ನು ಎತ್ತಬೇಡಿ. ನಿಂತ ಜಾಗದಿಂದ ಅಳೆಯುವ ರೇಡಾರ್ ಓರೆಯಾದಾಗ ವೇಗವನ್ನು ಕಡಿಮೆ ತೋರಿಸುತ್ತದೆ: 10 ಡಿಗ್ರಿ ಓರೆಯಿದ್ದರೆ ಗಂಟೆಗೆ 100 ಕಿ.ಮೀ. ವೇಗವು 98.5 ಎಂದು ಕಾಣುತ್ತದೆ. ಹೀಗೆ ವಾದಿಸಿದವರು ತಾವು ಇನ್ನೂ ವೇಗವಾಗಿ ಹೋಗಿದ್ದೆವೆಂದು ತಾವೇ ಒಪ್ಪಿಕೊಂಡಂತಾಗುತ್ತದೆ.

ಆ ಸ್ಥಳದ ವೇಗಮಿತಿಯ ಫಲಕವನ್ನೂ, ಕ್ಯಾಮೆರಾಕ್ಕೆ ಮೊದಲು ಎಚ್ಚರಿಕೆಯ ಫಲಕವಿದೆಯೇ ಎಂಬುದನ್ನೂ ಬೇಗ ಹೋಗಿ ದಿನಾಂಕ ಸಹಿತ ಚಿತ್ರ ತೆಗೆದುಕೊಳ್ಳಿ; ಎಚ್ಚರಿಕೆ ಫಲಕವನ್ನೂ 167ಎ ನಿಯಮವೇ ಬಯಸುತ್ತದೆ.

ಪಾಟೀಸವಾಲಿನಲ್ಲಿ ಅಧಿಕಾರಿಗೆ ಚಿಕ್ಕ ಪ್ರಶ್ನೆಗಳನ್ನೇ ಹಾಕಿ: ಸಾಧನದ ಕ್ರಮಸಂಖ್ಯೆ ಏನು, ಆ ದಿನ ಬಳಸುವ ಮುನ್ನ ಪರೀಕ್ಷಿಸಿದಿರಾ, ಪರೀಕ್ಷೆಯನ್ನು ಎಲ್ಲಿ ಬರೆದಿಟ್ಟಿದ್ದೀರಿ, ಬಳಸಲು ನಿಮಗೆ ತರಬೇತಿಯಾಗಿದೆಯೇ. "ನೆನಪಿಲ್ಲ" ಎಂಬ ಉತ್ತರ ಬಂದರೆ ಅದು ದಾಖಲಾಗುವವರೆಗೆ ಕಾಯಿರಿ, ಬಳಿಕ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ ಅವರಿಗೆ ನೆನಪು ತಂದುಕೊಳ್ಳುವ ಅವಕಾಶ ಕೊಡಬೇಡಿ.