ಮಲೇರಿಯಾ ಮದ್ದಿನ ಪ್ರಯೋಗದಲ್ಲಿ ಇಲಿಯ ಶುಗರ್ ನೋಡುವುದು ಹೇಗೆ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ಮಕ್ಕಳು ನನ್ನಲ್ಲಿ ಇದನ್ನೇ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮಲೇರಿಯಾ ರೋಗಾಣುವಿಗೆ ಸಕ್ಕರೆಯೇ ಊಟ. ಅದು ಹೊಕ್ಕ ಕೆಂಪು ರಕ್ತಕಣ ಮಾಮೂಲಿ ಕಣಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಗ್ಲುಕೋಸ್ ತಿನ್ನುತ್ತದೆ. ಹಾಗಾಗಿ ಕಾಯಿಲೆ ಜೋರಾದರೆ ಇಲಿಯ ಶುಗರ್ ತಾನಾಗಿ ಇಳಿಯುತ್ತದೆ. ಆ ಕಡೆ ಮಲೇರಿಯಾದ ಮದ್ದಾದ ಕ್ವಿನೈನ್ ಕೊಟ್ಟರೆ ಮೇದೋಜೀರಕದಿಂದ ಇನ್ಸುಲಿನ್ ಜಾಸ್ತಿ ಬಂದು ಆಗಲೂ ಶುಗರ್ ಇಳಿಯುತ್ತದೆ. ಕಾಯಿಲೆ ಇಳಿಸಿದ್ದೆಷ್ಟು, ಮದ್ದು ಇಳಿಸಿದ್ದೆಷ್ಟು? ಇದು ಗೊತ್ತಾಗದಿದ್ದರೆ ಮಾಡಿದ್ದೆಲ್ಲ ಸುಮ್ನೆ.

ಅದಕ್ಕೆ ನಾಲ್ಕು ಗುಂಪು ಬೇಕೇ ಬೇಕು. ಏನೂ ಕೊಡದ ಆರೋಗ್ಯವಂತ ಇಲಿ, ಮದ್ದು ಮಾತ್ರ ಕೊಟ್ಟ ಆರೋಗ್ಯವಂತ ಇಲಿ, ಕಾಯಿಲೆ ಮಾತ್ರ ಇರುವ ಇಲಿ, ಕಾಯಿಲೆ ಬಂದು ಮದ್ದು ಪಡೆದ ಇಲಿ. ಎರಡನೆಯದನ್ನು ನಾನು ಮೊದಲ ಸಲ ಬಿಟ್ಟಿದ್ದೆ. ಪೂರ್ತಿ ಕೆಲಸ ಮತ್ತೆ ಮಾಡಬೇಕಾಯಿತು, ಅಷ್ಟು ಇಲಿಗಳ ಜೀವ ವ್ಯರ್ಥವಾಯಿತು, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಸಕ್ಕರೆ ಕಾಯಿಲೆಯ ಇಲಿಗಳನ್ನೂ ಸೇರಿಸುವುದಾದರೆ ಸ್ಟ್ರೆಪ್ಟೋಜೋಟೋಸಿನ್ (ಇನ್ಸುಲಿನ್ ಮಾಡುವ ಕಣಗಳನ್ನು ಹಾಳುಮಾಡುವ ರಾಸಾಯನಿಕ) ಕೊಟ್ಟು 72 ಗಂಟೆ ಬಿಟ್ಟು ನೋಡಿ, ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಶುಗರ್ 250 ಮಿ.ಗ್ರಾಂ. ದಾಟಿದವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗದೆ ಒಂದು ಇಲಿಯನ್ನೂ ಮುಟ್ಟಬೇಡಿ.

ಇಲಿಗೆ ಮಲೇರಿಯಾ ತರುವ ರೋಗಾಣು ಪ್ಲಾಸ್ಮೋಡಿಯಂ ಬರ್ಘೈ ಚುಚ್ಚಿದ ದಿನದಿಂದ ನಾಲ್ಕು ದಿನ ಮದ್ದು, ಐದನೇ ದಿನ ಬಾಲದ ರಕ್ತದ ಸ್ಲೈಡ್‌ಗೆ ಜೀಮ್ಸಾ ಬಣ್ಣ ಹಾಕಿ ರೋಗಾಣು ಎಣಿಕೆ. ಇದು ಎಲ್ಲರೂ ಮಾಡುವ ಕ್ರಮ. ಶುಗರ್ ಮಾತ್ರ ದಿನಾ ಒಂದೇ ಹೊತ್ತಿಗೆ ನೋಡಿ, ಮದ್ದಿಗೆ ಮೊದಲೊಮ್ಮೆ, ಆಮೇಲೊಮ್ಮೆ. ಒಂದು ಗುಂಪಿಗೆ ಊಟ ತಪ್ಪಿಸಿ ಇನ್ನೊಂದಕ್ಕೆ ಹಾಕಬೇಡಿ. ಊಟ ಕಮ್ಮಿಯಾದ ಇಲಿಯಲ್ಲಿ ರೋಗಾಣು ನಿಧಾನವಾಗಿ ಬೆಳೆಯುತ್ತದೆ ಅಂತ 2017ರಲ್ಲೇ ತೋರಿಸಿದ್ದಾರೆ, ಅದನ್ನು ನೀವು ಮದ್ದಿನ ಗುಣ ಅಂದುಕೊಳ್ಳಬಹುದು ಅಲ್ವಾ?

ಇನ್ನು ಗ್ಲುಕೋಮೀಟರ್. ಇಲ್ಲೇ ಜಾಸ್ತಿ ಜನ ಎಡವುವುದು. ಮಲೇರಿಯಾ ಬಂದ ಇಲಿಯ ರಕ್ತ ದಿನ ಕಳೆದಂತೆ ನೀರಾಗುತ್ತದೆ, ಬಾಲದ ತುದಿಯ ಹನಿ ತೆಳು ಗುಲಾಬಿ ಬಣ್ಣದಲ್ಲಿ ಜಾರುತ್ತದೆ. ಕೆಂಪು ಕಣ ಕಮ್ಮಿಯಾದಾಗ ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ಅಂದರೆ ಶುಗರ್ ಕುಸಿದದ್ದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಪಿ.ಸಿ.ವಿ. (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕೂಡ ಅಳೆಯಿರಿ, ಕೆಲವು ಸ್ಯಾಂಪಲ್‌ಗಳ ಪ್ಲಾಸ್ಮಾ (ಕಣ ಬಿಟ್ಟು ಉಳಿದ ರಕ್ತದ ದ್ರವ) ತೆಗೆದು ಲ್ಯಾಬ್‌ನಲ್ಲಿ ಹೋಲಿಸಿ. ಆ ರಕ್ತವನ್ನು ಫ್ಲೋರೈಡ್ ಇರುವ ಟ್ಯೂಬಿಗೇ ಹಾಕಿ, ಇಲ್ಲದಿದ್ದರೆ ಟ್ಯೂಬಿನೊಳಗೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ನಮ್ಮ ಆಟಿ ತಿಂಗಳ ಮಳೆಯಲ್ಲಂತೂ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ತೇವ ಹಿಡಿದು ಹಾಳಾಗುತ್ತದೆ, ಒಂದು ತೆಗೆದ ಕೂಡಲೇ ಮುಚ್ಚಿ.

ಇಲಿ ರೋಮ ನಿಮಿರಿಸಿ ಮೂಲೆಯಲ್ಲಿ ಮುದುಡಿ ಕೂತು, ಮೈ ತಣ್ಣಗಾಗಿದ್ದರೆ ಆಗಲೇ ಪಶುವೈದ್ಯರನ್ನು ಕರೆಯಿರಿ. ನಾಳೆಯ ರೀಡಿಂಗ್ ಬೇಕು ಅಂತ ಕಾಯಬೇಡಿ.