ಮಳೆಗಾಲದಲ್ಲಿ ಐದು ಜನರ ಬಟ್ಟೆ

ನಮ್ಮೂರು ಸಾಗರ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಟ್ಟೆ ಒಂದೇ ದಿನಕ್ಕೆ ಒಣಗುವುದು ಅಪರೂಪ. ಮನೆಯಲ್ಲಿ ಅತ್ತೆ, ನಾವಿಬ್ಬರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಮೊದಲು ವಾರದ ಬಟ್ಟೆಯನ್ನೆಲ್ಲ ಭಾನುವಾರಕ್ಕೆ ಇಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಮಗಳ ಬಿಳಿ ಯೂನಿಫಾರ್ಮ್ ಒದ್ದೆಯಾಗಿಯೇ ಬುಟ್ಟಿಯ ತಳದಲ್ಲಿ ಉಳಿದು, ಬೆನ್ನಿಗೆಲ್ಲ ಬೂಷ್ಟಿನ ಕರಿ ಚುಕ್ಕೆ ಬಿತ್ತು. ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಅದನ್ನೇ ಹಿಡಿದುಕೊಂಡು ಅವಳು ಅತ್ತಳು. ಆಮೇಲೆ ಕ್ರಮ ಬದಲಾಯಿಸಿದೆ.

ಈಗ ದಿನಾ ಸ್ವಲ್ಪ ಸ್ವಲ್ಪ ಒಗೆಯುತ್ತೇವೆ. ಬಚ್ಚಲ ಹೊರಗೆ ಮೂರು ಬುಟ್ಟಿ ಇವೆ: ಬಿಳಿಗೆ ಒಂದು, ಬಣ್ಣದ್ದಕ್ಕೆ ಒಂದು, ಒರೆಸುವ ಬಟ್ಟೆ ಕಾಲೊರೆಸಿಗೆ ಒಂದು. ಮಗನಿಗೆ ಓದುವ ಕಷ್ಟ ಬೇಡ ಅಂತ ಬುಟ್ಟಿಯ ಹಿಡಿಗೆ ಅದೇ ಬಣ್ಣದ ಬಟ್ಟೆಚೂರು ಕಟ್ಟಿದ್ದೇನೆ. ಬಟ್ಟೆ ಬಿಚ್ಚಿದವರೇ ಸರಿಯಾದ ಬುಟ್ಟಿಗೆ ಹಾಕಬೇಕು, ಅಪ್ಪನಾದರೂ ಅಷ್ಟೇ. ಒದ್ದೆಯಾದದ್ದು ಮಾತ್ರ ಬುಟ್ಟಿಗೆ ಹೋಗುವ ಹಾಗಿಲ್ಲ. ಅದಕ್ಕೆ ಗೋಡೆಯಲ್ಲಿ ಗೂಟ ಇದೆ.

ಮಕ್ಕಳಿಗೆ "ಸ್ವಲ್ಪ ಸಹಾಯ ಮಾಡ್ರೋ" ಅಂದರೆ ಯಾರೂ ಬರುವುದಿಲ್ಲ. ಒಂದೊಂದು ಕೆಲಸ ಪೂರ್ತಿ ಅವರದ್ದೇ ಅಂತ ಬಿಟ್ಟುಕೊಡಬೇಕು. ಮಗನದ್ದು ಜೇಬು. ಮಷಿನ್‌ಗೆ ಹಾಕುವ ಮೊದಲು ಎಲ್ಲರ ಜೇಬನ್ನೂ ಅವನೇ ತಡಕಬೇಕು. ಸಿಕ್ಕಿದ್ದೆಲ್ಲ ಒಂದು ಡಬ್ಬಿಗೆ: ಪೆನ್ಸಿಲ್ ತುಂಡು, ಹುಣಸೆಬೀಜ, ಬಸ್ ಟಿಕೆಟ್, ಒಮ್ಮೆ ಅಪ್ಪನ ಹತ್ತು ರೂಪಾಯಿ ನೋಟು. ಒಣಗಿದ ಕಾಲುಚೀಲ ಜೋಡಿ ಮಾಡುವುದೂ ಅವನೇ. ಅತ್ತೆ ಮೊದಲು "ಗಂಡುಹುಡುಗನಿಗೆ ಇದೆಲ್ಲ ಯಾಕೆ" ಅಂದಿದ್ದರು. ಈಗ ಅವರೇ "ಬಾರೋ ಪುಟ್ಟ" ಅಂತ ಕರೆದು ಚಾಪೆ ಮೇಲೆ ಕೂರಿಸಿಕೊಳ್ಳುತ್ತಾರೆ.

ಮಗಳದ್ದು ಬಟ್ಟೆಯ ಕಲೆ ತೆಗೆಯುವುದು. ಈ ಕೆಲಸ ಅವಳಿಗೆ ಇಷ್ಟವಾಗಿದ್ದು ಒಂದು ದಿನದಲ್ಲಿ. ತಮ್ಮನ ಅಂಗಿಗೆ ಹುಳಿ ಚೆಲ್ಲಿ ಹಳದಿ ಕಲೆಯಾಗಿತ್ತು. ಸೋಪು ಉಜ್ಜಿದಳು, ಕಲೆ ಕೆಂಪಗಾಯಿತು. "ಅಮ್ಮಾ, ರಕ್ತ!" ಅಂತ ಕೂಗಿದಳು. ಅತ್ತೆ ಬಂದು ನೋಡಿ, "ಆರತಿಗೆ ಓಕುಳಿ ಮಾಡೋವಾಗ ಅರಿಶಿನಕ್ಕೆ ಸುಣ್ಣ ಹಾಕ್ತೀವಲ್ಲ, ಹಾಗೇ ಇದು" ಅಂದರು. ಸುಣ್ಣದ ಹಾಗೆ ಸೋಪಿನಲ್ಲೂ ಕ್ಷಾರ ಇದೆ, ಅದು ತಾಗಿದರೆ ಅರಿಶಿನ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಗೆ ಮದ್ದು ಬಿಸಿಲು. ಮಳೆ ನಡುವೆ ಒಂದು ಗಂಟೆ ಬಿಸಿಲು ಬಂದರೂ ಅವಳು ಆ ಅಂಗಿ ಹಿಡಿದು ಅಂಗಳಕ್ಕೆ ಓಡುತ್ತಿದ್ದಳು. ಮೂರ್ನಾಲ್ಕು ಸಲಕ್ಕೆ ಕಲೆ ಮಾಯ. ರಕ್ತದ ಕಲೆಗೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಚ್ಚಿಕೊಂಡುಬಿಡುತ್ತದೆ. ಬಾಳೆಯ ಕರೆಯನ್ನು ನಾವು ಗೆದ್ದಿಲ್ಲ. ತೋಟಕ್ಕೆ ಹೋಗುವಾಗ ಹಳೇ ಬಟ್ಟೆ ಹಾಕಿಸಿಬಿಡಿ.

ಮಷಿನ್ ನನ್ನ ಕೆಲಸ. ಒತ್ತಿ ತುಂಬಬೇಡಿ, ಮೇಲೆ ಒಂದು ಗೇಣು ಜಾಗ ಬಿಡಿ. ಪೌಡರ್ ಜಾಸ್ತಿ ಹಾಕಿದರೆ ಬಟ್ಟೆಯಲ್ಲೇ ಉಳಿಯುತ್ತದೆ.

ಒಣಗಿಸುವುದೇ ನಿಜವಾದ ಕೆಲಸ, ಅಲ್ವಾ? ಹೊದಿಕೆ, ಪಂಚೆಗಳನ್ನು ಇಬ್ಬರು ಎರಡು ತುದಿ ಹಿಡಿದು ಜೋರಾಗಿ ಕೊಡವಬೇಕು. ಅಕ್ಕ ತಮ್ಮ ಇದನ್ನು ಆಟದ ಹಾಗೆ ಮಾಡುತ್ತಾರೆ. ಹಗ್ಗ ಜಗಲಿಯ ಒಳಗೆ, ಎರಡು ಬಟ್ಟೆ ನಡುವೆ ನಾಲ್ಕು ಬೆರಳು ಜಾಗ. ಗಾಳಿ ಇಲ್ಲದ ದಿನ ಫ್ಯಾನ್ ಹಾಕುತ್ತೇವೆ. ದಪ್ಪ ಟವೆಲ್, ಪ್ಯಾಂಟುಗಳು ಬಚ್ಚಲ ಒಲೆಯ ಮೇಲೆ ಎತ್ತರದಲ್ಲಿ ಕಟ್ಟಿದ ಗಳಕ್ಕೆ ಹೋಗುತ್ತವೆ. ಅಲ್ಲಿ ಬೇಗ ಒಣಗುತ್ತವೆ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಹಾಗಾಗಿ ಯೂನಿಫಾರ್ಮ್ ಅಲ್ಲಿ ಹಾಕುವುದಿಲ್ಲ. ಕಾಲರ್, ಸೊಂಟಪಟ್ಟಿಯಲ್ಲಿ ಉಳಿದ ಪಸೆಯನ್ನು ಇಸ್ತ್ರಿಯಲ್ಲಿ ತೆಗೆಯುತ್ತೇನೆ. ಇಸ್ತ್ರಿಪೆಟ್ಟಿಗೆ ಮಕ್ಕಳ ಕೈಗೆ ಕೊಡುವುದಿಲ್ಲ.

ಮಡಚುವ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೆ. ಮಗ ಟವೆಲನ್ನು ಮೂರು ಮಡಿಕೆ ಮಾಡಿ, ಮೇಲೆ ಕೈಯಿಂದ ತಟ್ಟಿ ಇಟ್ಟಿದ್ದ. ನಾನು ಸುಮ್ನೆ ಅದನ್ನು ಬಿಚ್ಚಿ ನೇರ ಮಾಡಿದೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಾರನೇ ದಿನ ಕರೆದರೂ ಬರಲಿಲ್ಲ. ಆಮೇಲೆ ಅವನು ಮಡಚಿದ್ದು ಹೇಗಿದ್ದರೂ ಹಾಗೇ ಕಪಾಟಿಗೆ ಹೋಗುತ್ತದೆ.

ಶುಕ್ರವಾರ ರಾತ್ರಿ ಊಟವಾದ ಮೇಲೆ ಶನಿವಾರದ ಬಿಳಿ ಬಟ್ಟೆ ನೋಡುವುದು ಅವನದೇ ಜವಾಬ್ದಾರಿ. ಕೈಗೆ ಒಣಗಿದ ಹಾಗೆ ಕಂಡರೂ ಹೊಲಿಗೆ ಹತ್ತಿರ ಪಸೆ ಇರುತ್ತದೆ. ಕೆನ್ನೆಗೆ ಒತ್ತಿದರೆ ಗೊತ್ತಾಗುತ್ತದೆ. ಅಕ್ಕನ ಅಂಗಿಯ ಕಾಲರ್ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಮೇಲೆ ಹೇಳುತ್ತಾನೆ, "ಅಮ್ಮ, ಇನ್ನೂ ತಣ್ಣಗಿದೆ."