ಪ್ರಶಸ್ತಿ ಪತ್ರ ಬರೆಯುವವರೇ, ಚಿನ್ನ ಮೊದಲು, ಬಣ್ಣ ಆಮೇಲೆ

ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಗೊತ್ತಲ್ವಾ, 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾದ, ಮಧ್ಯಯುಗದ ಯುರೋಪಿನ ವೇಷ ಹಾಕಿ ಕತ್ತಿವರಸೆ, ಕುಸುರಿ ಕೆಲಸ ಎಲ್ಲ ಮಾಡುವ ಹವ್ಯಾಸಿಗಳ ಗುಂಪು. ಅಲ್ಲಿ ಕೊಡುವ ಚಿನ್ನದ ಅಲಂಕಾರದ ಪ್ರಶಸ್ತಿ ಪತ್ರ ಬರೆಯಲು ಹೊಸದಾಗಿ ಕೂತವರಿಗೆ ಒಂದು ಮಾತು. ಬಣ್ಣ ಮೊದಲು ಹಚ್ಚಬೇಡಿ.

ನಾನು ಅದೇ ತಪ್ಪು ಮಾಡಿದ್ದೆ. ಬಳ್ಳಿ, ಹೂವು ಎಲ್ಲ ಚೆಂದ ಬಂತು, ಆಮೇಲೆ ಚಿನ್ನದ ರೇಕು ಇಟ್ಟರೆ ಅದು ಬೇಕಾದ ಕಡೆ ಮಾತ್ರ ಕೂರದೆ ಪಕ್ಕದ ನೀಲಿ ಬಣ್ಣದ ಮೇಲೂ ಅಂಟಿಕೊಂಡುಬಿಟ್ಟಿತು! ನಾವು ಹಚ್ಚುವ ಗ್ವಾಶ್ ಎಂಬ ದಟ್ಟ ಜಲವರ್ಣದಲ್ಲೂ ಗೋಂದು ಇರುತ್ತದೆ, ಇನ್ನೇನಾಗುತ್ತೆ. ಹಳೆಯ ಕುಶಲಕರ್ಮಿಗಳ ಕ್ರಮವೇ ಸರಿ. ಕರಡು ಗೆರೆ, ಅಕ್ಷರ, ಚಿನ್ನ, ಆಮೇಲೆ ಬಣ್ಣ, ಕೊನೆಗೆ ಕಪ್ಪು ಅಂಚು ಮತ್ತು ಸಣ್ಣ ಬಿಳಿ ಎಳೆಗಳು. ಅಕ್ಷರ ಮೊದಲೇ ಬರೆದರೆ ಇನ್ನೊಂದು ಲಾಭ: ಹೆಸರು ತಪ್ಪಾದರೆ ಒಂದು ಹಾಳೆ ಹೋಗುತ್ತದೆ ಅಷ್ಟೇ, ಎರಡು ವಾರದ ಬಣ್ಣದ ಕೆಲಸ ಹೋಗುವುದಿಲ್ಲ.

ರೇಕು ಅಂಟಿಸಲು ಗಮ್ ಅಮೋನಿಯಾಕ್ ಎಂಬ ಗಿಡದ ಗೋಂದು ಬಳಸುವವರು ಅದು ಪೂರ್ತಿ ಒಣಗಿದ ಮೇಲೆ ಕಾಗದದ ಕೊಳವೆಯಲ್ಲಿ ಬಿಸಿ ಉಸಿರು ಬಿಡಿ. ಆ ತೇವಕ್ಕೆ ಮತ್ತೆ ಅಂಟು ಬರುತ್ತದೆ, ತಕ್ಷಣ ರೇಕು ಇಟ್ಟು ಒತ್ತಿ. ಊದಬೇಡಿ, ರೇಕು ಹಾರಿಹೋಗುತ್ತದೆ (ನಮ್ಮ ಬೆಕ್ಕಿನ ಮೂಗು ಒಮ್ಮೆ ಬಂಗಾರವಾಗಿತ್ತು).

ಕಾಗದ ನುಣುಪಾದ ಹಾಟ್ ಪ್ರೆಸ್ ತಗೊಳ್ಳಿ, ಒರಟಾದದ್ದಕ್ಕೆ ನಿಬ್ಬು ಸಿಕ್ಕಿಕೊಳ್ಳುತ್ತದೆ. ಕೆಳಗೆ ಗುಂಪಿನ ರಾಜ ರಾಣಿಯರ ಸಹಿಗೆ, ಮುದ್ರೆಗೆ ಜಾಗ ಬಿಡಲು ಮರೀಬೇಡಿ.